ಹಸು ಬತ್ತುತ್ತದೆ, ಕಂತು ಬತ್ತುವುದಿಲ್ಲ



ಕೊಳ್ಳೇಗಾಲದ ಯಾವ ಬೀದಿಗಾದರೂ ಬೆಳಿಗ್ಗೆ ಒಂಬತ್ತೂವರೆ ಹತ್ತರ ಹೊತ್ತಿಗೆ ಹೋಗಿ ನೋಡಿ. ಒಂದು ಮನೆಯ ಜಗಲಿ ಮೇಲೆ ಹತ್ತು ಹದಿನೈದು ಹೆಣ್ಣುಮಕ್ಕಳು ಕೂತಿರುತ್ತಾರೆ. ಒಬ್ಬಳ ಮಡಿಲಲ್ಲಿ ಮಗು, ಇನ್ನೊಬ್ಬಳ ಕೈಯಲ್ಲಿ ಮಡಿಸಿ ಮಡಿಸಿ ಬೆವರು ಹತ್ತಿದ ನೋಟು. ಎದುರಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಮೊಬೈಲು ಒತ್ತುತ್ತಿರುವ ಒಬ್ಬ ಹುಡುಗ. ‘ಏನಮ್ಮ ಇದು ಗುಂಪು?’ ಅಂತ ಕೇಳಿ. ‘ಸಂಘ ಕನಣ್ಣ’ ಅನ್ನುತ್ತಾರೆ. ಯಾವ ಸಂಘ ಅಂತ ಕೇಳಿ. ಒಬ್ಬಳು ‘ಮಂಗಳವಾರದ ಸಂಘ’ ಅನ್ನುತ್ತಾಳೆ. ಇನ್ನೊಬ್ಬಳು ಆ ಹುಡುಗನ ಹೆಸರು ಹೇಳುತ್ತಾಳೆ. ಮೂರನೆಯವಳು ‘ಅದೇಯ, ನೀಲಿ ಕಾರ್ಡಿನ ಸಂಘ’ ಅನ್ನುತ್ತಾಳೆ. ಸಾಲ ಕೊಟ್ಟ ಕಂಪನಿಯ ಹೆಸರನ್ನು ನೆಟ್ಟಗೆ ಹೇಳುವವರು ಹದಿನೈದರಲ್ಲಿ ಮೂವರು ಸಿಕ್ಕರೆ ಹೆಚ್ಚು.

ಈ ಸಲದ ಸಂಪಾದಕೀಯ ಆ ‘ಸಂಘ’ ಅನ್ನುವ ಮಾತಿನಿಂದಲೇ ಶುರುವಾಗಲಿ. ನಾವು ಕನ್ನಡದ ಬೋರ್ಡಿಗಾಗಿ ಬೀದಿಗಿಳಿದವರು. ಕನ್ನಡ ಬಾರದ ಮ್ಯಾನೇಜರನ ಮುಂದೆ ಧರಣಿ ಕೂತವರು. ಆದರೆ ನಮ್ಮ ಹೆಣ್ಣುಮಕ್ಕಳು ಇಪ್ಪತ್ತು ಮೂವತ್ತು ವರ್ಷ ಬೆವರು ಸುರಿಸಿ ಮರ್ಯಾದೆ ತಂದುಕೊಟ್ಟ ಒಂದು ಮಾತನ್ನು ನಮ್ಮ ಕಣ್ಣೆದುರಿಗೇ ಬೇರೆಯವರು ಎತ್ತಿಕೊಂಡು ಹೋದರಲ್ಲ, ಅದು ನಮಗೆ ಗೊತ್ತೇ ಆಗಲಿಲ್ಲ.

ಸಂಘ ಅಂದರೆ ಏನಾಗಿತ್ತು? ಹಳಬರಿಗೆ ನೆನಪಿದೆ. 1968ರಲ್ಲಿ ಟಿಬೆಟ್ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು ಹುಟ್ಟಿದ ಸಂಸ್ಥೆ ಮೈರಾಡ. ಒಡೆಯರಪಾಳ್ಯದ ಸೀಮೆಯವರಿಗೆ, ಹುತ್ತೂರು ಕಡೆಯವರಿಗೆ ಈ ಹೆಸರು ಹೊಸದಲ್ಲ. 1984-85ರ ಸುಮಾರಿಗೆ ಅದು ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಆಗ ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಮಂದಿ ಬೇರೆಬೇರೆಯಾಗಿ ಕೂತರು. ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ನಮ್ಮ ನಮ್ಮ ಗುಂಪಿಗೆ ಬೇಕಾದರೆ ಕಟ್ಟುತ್ತೇವೆ ಅಂದರು. ಹಾಗೆ ಕಟ್ಟಿದ ದುಡ್ಡನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಂಡರು. ಈ ಪುಟ್ಟ ಗುಂಪುಗಳು ನಡೆಯುವ ರೀತಿ ನೋಡಿ 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಇವತ್ತು ಇಡೀ ಇಂಡಿಯಾ ಕುಣಿದಾಡುವ ಸ್ವಸಹಾಯ ಸಂಘದ ಬೇರು ಇರುವುದು ನಮ್ಮ ನೆಲದಲ್ಲಿ ಸ್ವಾಮಿ, ದೆಹಲಿಯಲ್ಲಲ್ಲ. 2000-01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಅಂತ ತಂದದ್ದು, ಆಮೇಲೆ ಸಂಜೀವಿನಿ ಅಂತ ಬಂದದ್ದು ಎಲ್ಲ ಈ ಬೇರಿನ ಮೇಲಿನ ಚಿಗುರು.

ಆ ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ವಾರಕ್ಕೆ ಹತ್ತೋ ಇಪ್ಪತ್ತೋ ಹಾಕಬೇಕು. ಯಾರಿಗೆ ಸಾಲ, ಎಷ್ಟು, ಯಾತಕ್ಕೆ ಅನ್ನುವುದನ್ನು ಹೆಂಗಸರೇ ಕೂತು ಜಗಳವಾಡಿ ತೀರ್ಮಾನಿಸಬೇಕು. ಏಳನೇ ಕ್ಲಾಸು ಓದಿದ ಹುಡುಗಿ ನಡಾವಳಿ ಪುಸ್ತಕದಲ್ಲಿ ದುಂಡಗೆ ಕನ್ನಡದಲ್ಲಿ ಬರೆಯಬೇಕು, ಎಲ್ಲರೂ ಸಹಿ ಹಾಕಬೇಕು. ನಮ್ಮ ಪ್ರೆಸ್ಸಿನಲ್ಲಿ ಟ್ರೆಡಲ್ ಮಿಷನ್ನು ಇದ್ದ ಕಾಲದಿಂದ ಈ ಪುಸ್ತಕಗಳನ್ನು ಅಚ್ಚು ಹಾಕಿದ್ದೇವೆ. ಉಳಿತಾಯದ ಪುಸ್ತಕ, ಸಾಲದ ಖಾತೆ, ರಸೀದಿ. ಸಹಿಯ ಜಾಗದಲ್ಲಿ ಮೊದಲ ವರ್ಷ ಹೆಬ್ಬೆಟ್ಟಿಗೆ ಚೌಕ ಬಿಡಿ ಅನ್ನುತ್ತಿದ್ದರು. ಮೂರನೆಯ ವರ್ಷ ಬಂದು ‘ಚೌಕ ಬ್ಯಾಡ, ಗೆರೆ ಹಾಕಣ್ಣ, ಎಲ್ರೂವಿ ರುಜು ಮಾಡ್ತೀವಿ’ ಅಂದವರಿದ್ದಾರೆ. ಕನ್ನಡದ ಕೆಲಸ ಅಂದರೆ ಇನ್ನೇನು?

ಇನ್ನೊಂದು ಮುಖ್ಯ ಸಂಗತಿ. ಸಂಘದಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಾಕಿದರೂ ಆ ಬಡ್ಡಿ ಸಂಘದ ಗಂಟಿಗೇ ಬೀಳುತ್ತದೆ. ಅಂದರೆ ಕಟ್ಟಿದವಳ ಪಾಲೂ ಅದರಲ್ಲಿ ಇರುತ್ತದೆ. ಊರ ದುಡ್ಡು ಊರಲ್ಲೇ ಸುತ್ತುತ್ತದೆ.

ಈಗ ಜಗಲಿ ಮೇಲೆ ಕೂತ ‘ಸಂಘ’ ನೋಡೋಣ. ಇದರ ತವರು ಬಾಂಗ್ಲಾದೇಶ. 1976ರಲ್ಲಿ ಪ್ರೊಫೆಸರ್ ಮುಹಮ್ಮದ್ ಯೂನುಸ್ ಜೋಬ್ರಾ ಅನ್ನುವ ಹಳ್ಳಿಯಲ್ಲಿ ಶುರು ಮಾಡಿದರು, 1983ರಲ್ಲಿ ಗ್ರಾಮೀಣ್ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಬಂತು. ಅವರ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಆದರೆ ಅದೇ ಅಚ್ಚನ್ನು ಇಲ್ಲಿ ಕಂಪನಿಗಳು ಹಿಡಿದುಕೊಂಡವು. ಇಲ್ಲಿ ಉಳಿತಾಯದ ಮಾತಿಲ್ಲ, ನಡಾವಳಿ ಇಲ್ಲ, ಜಗಳವೂ ಇಲ್ಲ. ಐದೋ ಹತ್ತೋ ಜನ ಹೆಂಗಸರು ಒಬ್ಬರಿಗೊಬ್ಬರು ಜಾಮೀನು, ಅಷ್ಟೆ. ಒಬ್ಬಳು ಕಂತು ಕಟ್ಟದಿದ್ದರೆ ಮಿಕ್ಕವರು ಎದ್ದು ಹೋಗುವಂತಿಲ್ಲ. ನೆರೆಮನೆಯವಳೇ ವಸೂಲಿದಾರಳಾಗುತ್ತಾಳೆ. ಆಂಧ್ರದಲ್ಲಿ ಇದು ಮಿತಿಮೀರಿ ಸಾವುನೋವುಗಳ ಸುದ್ದಿ ಬಂದಾಗ 2010ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದು ಬಾಗಿಲು ಹಾಕಿತು. ಅಲ್ಲಿ ಬಾಗಿಲು ಹಾಕಿದ ಮೇಲೆ ಈ ವ್ಯಾಪಾರ ತಮಿಳುನಾಡು, ಕರ್ನಾಟಕದ ಕಡೆ ಹುಲುಸಾಗಿ ಬೆಳೆಯಿತು. ಕೊಳ್ಳೇಗಾಲ, ಹನೂರು, ಯಳಂದೂರು ಯಾವುದೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ.

ಎರಡಕ್ಕೂ ಜನ ಕರೆಯುವ ಹೆಸರು ಒಂದೇ, ಸಂಘ. ಆ ಹೆಸರಿನ ಮೇಲಿದ್ದ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಈ ವ್ಯಾಪಾರ ಒಳಗೆ ಬಂತು.

ಸ್ವಲ್ಪ ಲೆಕ್ಕ ಮಾಡೋಣ. ಪತ್ರಿಕೆ ಓದುವವರಿಗೆ ಲೆಕ್ಕ ಅಂದರೆ ಬೇಸರ, ಗೊತ್ತು. ಆದರೆ ಈ ಬೇಸರದಲ್ಲೇ ಅವರ ಲಾಭ ಇರುವುದು. 50,000 ರೂಪಾಯಿ ಸಾಲ, ಎರಡು ವರ್ಷ, ವರ್ಷಕ್ಕೆ ಶೇ. 24 ಇಳಿಕೆ ಬಡ್ಡಿ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 2,644 ರೂಪಾಯಿ. ಎರಡು ವರ್ಷಕ್ಕೆ ಕಟ್ಟುವುದು ಸುಮಾರು 63,450. ಬಡ್ಡಿಯೇ ಹದಿಮೂರೂವರೆ ಸಾವಿರ ಹತ್ತಿರ. ಅದೇ ಸಾಲಕ್ಕೆ ಶೇ. 12 ಇಳಿಕೆ ಬಡ್ಡಿಯಾದರೆ ಕಂತು 2,354, ಬಡ್ಡಿ ಆರೂವರೆ ಸಾವಿರದ ಒಳಗೆ. ಕಂತು ಕಂತಿಗೆ ಇರುವ ವ್ಯತ್ಯಾಸ ಬರೀ 290 ರೂಪಾಯಿ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಎರಡು ವರ್ಷದಲ್ಲಿ ಅದು ಏಳು ಸಾವಿರ ಆಗುತ್ತದೆ. ಇದರ ಮೇಲೆ ಪ್ರೊಸೆಸಿಂಗ್ ಫೀಸು, ಅದಕ್ಕೆ ಜಿಎಸ್‌ಟಿ, ವಿಮೆ ಅಂತ ಮೊದಲೇ ಮುರಿದುಕೊಂಡರೆ ಕೈಗೆ ಬರುವುದು 50,000 ಅಲ್ಲ. ಬಡ್ಡಿ ಮಾತ್ರ ಪೂರ್ತಿ 50,000ಕ್ಕೆ.

ಇನ್ನೊಂದು ಕೈಚಳಕ ಇದೆ. ಫೈನಾನ್ಸಿನಲ್ಲಿ ಓಡಾಡುವವರು ‘ಬರೀ ಒಂದು ರೂಪಾಯಿ ಬಡ್ಡಿ’ ಅನ್ನುತ್ತಾರಲ್ಲ, ಅದು ಫ್ಲಾಟ್ ಬಡ್ಡಿ ಇರಬಹುದು. ಅಂದರೆ ನೀವು ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ 50,000ಕ್ಕೆ ಬಡ್ಡಿ. ಎರಡು ವರ್ಷಕ್ಕೆ 12,000 ಬಡ್ಡಿ, ಒಟ್ಟು 62,000, ಕಂತು 2,583. ಇಳಿಕೆ ಲೆಕ್ಕಕ್ಕೆ ತಿರುಗಿಸಿದರೆ ಈ ‘ಒಂದು ರೂಪಾಯಿ’ ವರ್ಷಕ್ಕೆ ಸುಮಾರು ಶೇ. 21.5 ಆಗುತ್ತದೆ. ಒಂದು ರೂಪಾಯಿ ಅಂತ ಹೇಳಿ ಒಂದು ರೂಪಾಯಿ ಎಂಬತ್ತು ಪೈಸೆ ತೆಗೆದುಕೊಂಡ ಹಾಗೆ. ಪಿಯುಸಿ ಮುಗಿಸಿದ ನನಗೇ ಇದು ತಿಳಿಯಲು ಒಂದು ಸಂಜೆ ಪೂರ್ತಿ ಬೇಕಾಯಿತು. ಬೀಡಿ ಕಟ್ಟಿ ಮಗಳ ಫೀಸು ಕಟ್ಟುವ ತಾಯಿ ಮೊಬೈಲಿನ ಮೇಲೆ ಬೆರಳೊತ್ತುವ ಅರ್ಧ ನಿಮಿಷದಲ್ಲಿ ತಿಳಿಯಬೇಕು ಅಂದರೆ ಹೇಗೆ?

ಆದರೆ ಬಡ್ಡಿಗಿಂತ ದೊಡ್ಡ ಕಷ್ಟ ಬೇರೆ ಇದೆ. ವ್ಯಾಪಾರ ಮಾಡುವವರೆಲ್ಲ ಕೇಳಿಸಿಕೊಳ್ಳಿ. ಕಂತಿನ ತಾಳ ಬೇರೆ, ಕಸುಬಿನ ತಾಳ ಬೇರೆ.

ಯಳಂದೂರು ಕಡೆ ಹಳ್ಳಿಗಳನ್ನು ತಗೊಳ್ಳಿ, ದುಗ್ಗಹಟ್ಟಿ, ಯರಿಯೂರು, ಗುಂಬಳ್ಳಿ, ಅಗರ ಮಾಂಬಳ್ಳಿ. ಸಂಘದ ಸಾಲ ಅಂದರೆ ಮೊದಲು ನೆನಪಾಗುವುದು ಹಸು. ಸೀಮೆಹಸು ಹತ್ತು ತಿಂಗಳು ಹಾಲು ಕೊಡುತ್ತದೆ. ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸಬೇಕು, ಇಲ್ಲದಿದ್ದರೆ ಮುಂದಿನ ಸೂಲಿಗೆ ಹೊಡೆತ. ಗಬ್ಬ ನಿಲ್ಲುವುದು ತಡವಾದರೆ ಎರಡು ತಿಂಗಳು ನಾಲ್ಕು ಆಗುತ್ತದೆ. ಆ ನಾಲ್ಕು ತಿಂಗಳೂ ಡೇರಿಯ ಬಿಲ್ಲು ಇಲ್ಲ, ಬೂಸಾ ಹಿಂಡಿಯ ಖರ್ಚು ಇದೆ, ಕಂತೂ ಇದೆ. ಹಸು ಬತ್ತುತ್ತದೆ, ಕಂತು ಬತ್ತುವುದಿಲ್ಲ. ಆಗ ಏನು ಮಾಡುತ್ತಾಳೆ? ಬುಧವಾರದ ಸಂಘದಿಂದ ಎತ್ತಿ ಮಂಗಳವಾರದ ಸಂಘಕ್ಕೆ ಕಟ್ಟುತ್ತಾಳೆ. ಶುಕ್ರವಾರದ ಸಂಘದಿಂದ ಎತ್ತಿ ಬುಧವಾರದ್ದಕ್ಕೆ. ಕೊನೆಗೆ ಗಬ್ಬದ ಹಸುವನ್ನೇ ತೆರಕಣಾಂಬಿ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಯಾವ ಕಸುಬಿಗೆ ಅಂತ ಸಾಲ ತಂದರೋ ಆ ಕಸುಬನ್ನೇ ಮಾರಿ ಸಾಲ ಕಟ್ಟಿದ ಹಾಗಾಯಿತು.

ಕೊಳ್ಳೇಗಾಲ ಅಂದರೆ ರೇಷ್ಮೆ. ಹುಳ ಸಾಕುವ ಮನೆಯಲ್ಲಿ ಒಂದು ಬೆಳೆ ಕೈಗೆ ಬರಲು ಇಪ್ಪತ್ತೈದು ಇಪ್ಪತ್ತೆಂಟು ದಿನ. ಸೊಪ್ಪು ಕೊಯ್ಯುವುದು, ಹಾಸಿಗೆ ಬದಲಿಸುವುದು, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡುವುದು ಇದರಲ್ಲಿ ಮುಕ್ಕಾಲು ಕೆಲಸ ಹೆಂಗಸರದೇ. ಗೂಡು ಮಾರಿದ ದಿನ ಮಾತ್ರ ದುಡ್ಡು. ಊಜಿ ನೊಣ ಕೂತರೆ, ಹಾಲುತೊಂಡೆ ಬಂದರೆ ಆ ದಿನವೂ ಇಲ್ಲ. ರಾಮನಗರ ಮಾರ್ಕೆಟ್ಟಿನಲ್ಲಿ ಇವತ್ತಿನ ರೇಟು ನಾಳೆ ಇರುವುದಿಲ್ಲ. ಇಂಥ ಕಸುಬಿಗೆ ವಾರ ವಾರದ ಕಂತು ಹಾಕಿದವನಿಗೆ ರೇಷ್ಮೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬೇಕಿಲ್ಲ.

ಹನೂರು ತಾಲ್ಲೂಕಿನ ಕೌದಳ್ಳಿ, ತಾಳಬೆಟ್ಟದ ಕಡೆ ಮಾದಪ್ಪನನ್ನೇ ನಂಬಿಕೊಂಡು ಕಾಯಿ, ಹೂವು, ಕಡ್ಲೆಪುರಿ, ಬಳೆ ಮಾರುವವರು ಎಷ್ಟೋ ಜನ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಯಲ್ಲಿ ನಾಲ್ಕು ಕಾಸು ಕಂಡಾರು, ಅಮಾವಾಸ್ಯೆಗೆ ಒಂದಿಷ್ಟು. ಮಿಕ್ಕ ದಿನ ಬಿಸಿಲು ಕಾಯುವುದು. ಮಾದಪ್ಪನಿಗಾದರೆ ಹರಕೆಯನ್ನು ಮುಂದಿನ ವರ್ಷ ತೀರಿಸುತ್ತೀನಪ್ಪ ಅಂದರೆ ಸುಮ್ಮನಿರುತ್ತಾನೆ. ಫೈನಾನ್ಸಿನ ಹುಡುಗ ಸುಮ್ಮನಿರುವುದಿಲ್ಲ.

ಎಲ್ಲಕ್ಕಿಂತ ವಿಚಿತ್ರ ಸೀರೆ ವ್ಯಾಪಾರ. ಸಾಲ ತಂದು ಸಗಟಿನಲ್ಲಿ ಸೀರೆ ತರುತ್ತಾಳೆ. ಹಳ್ಳಿ ಹಳ್ಳಿಗೆ ಹೊತ್ತುಕೊಂಡು ಹೋಗಿ ಕಂತಿಗೆ ಕೊಡುತ್ತಾಳೆ. 2023ರ ಜೂನಿನಿಂದ ಬಸ್ಸು ಪುಕ್ಕಟೆ ಆದದ್ದು ಇಂಥವರಿಗೆ ನಿಜವಾಗಿಯೂ ಕೈ ಹಿಡಿದಿದೆ, ಅದನ್ನು ಹೇಳಲೇಬೇಕು. ಆದರೆ ಸೀರೆ ತಗೊಂಡವಳು ‘ಮುಂದಿನ ತಿಂಗಳು ಗೃಹಲಕ್ಷ್ಮಿ ಬಂದ ಮೇಲೆ ಕೊಡ್ತೀನಿ ಕನಕ್ಕ’ ಅನ್ನುತ್ತಾಳೆ. ಅವಳ ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಅದಾಗಲೇ ಇನ್ನೊಂದು ಸಂಘದ ಕಂತು ಕಾದು ಕೂತಿರುತ್ತದೆ. ಬರಬೇಕಾದ ಕಂತು ನಿಧಾನ, ಕಟ್ಟಬೇಕಾದ ಕಂತು ವಾರ ವಾರ. ಈ ನಡುವೆ ಸಿಕ್ಕಿಕೊಂಡ ಹೆಣ್ಣುಮಗಳು ವ್ಯಾಪಾರ ಗೊತ್ತಿಲ್ಲದೆ ಸೋತವಳಲ್ಲ. ಅವಳಿಗೆ ವ್ಯಾಪಾರ ಚೆನ್ನಾಗಿ ಗೊತ್ತು. ದುಡ್ಡು ತಿರುಗುವ ಮುಂಚೆಯೇ ಕಂತಿನವನು ಬಂದು ನಿಲ್ಲುತ್ತಾನೆ.

ಹಾಗಾದರೆ ಈ ಸಾಲದಿಂದ ಯಾರೂ ಉದ್ಧಾರ ಆಗಿಲ್ಲವೇ? ಆಗಿದ್ದಾರೆ. ಸುಳ್ಳು ಹೇಳಬಾರದು. ನಮ್ಮ ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಹೆಣ್ಣುಮಗಳು ಇವತ್ತು ಮೂರು ಮಿಷನ್ನು ಇಟ್ಟು ಇಬ್ಬರಿಗೆ ಕೂಲಿ ಕೊಡುತ್ತಿದ್ದಾಳೆ, ಸಾಲದಿಂದಲೇ. ಆದರೆ ನೋಡಿ, ಸಾಲ ತರುವ ಮುಂಚೆಯೇ ಆಕೆಗೆ ಗಿರಾಕಿ ಇದ್ದರು, ಕೈ ಪಳಗಿತ್ತು. ಆಷಾಢದಲ್ಲಿ ಕೆಲಸ ಇರುವುದಿಲ್ಲ ಅಂತ ಗೊತ್ತಿದ್ದು ಮದುವೆ ಸೀಸನ್ನಿನಲ್ಲೇ ಮೂರು ಕಂತು ಎತ್ತಿಟ್ಟಿದ್ದಳು. ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರು ವರ್ಷಗಟ್ಟಲೆ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಮೊದಲೇ ಕಸುಬು ಇದ್ದವರು ಅದನ್ನು ಸ್ವಲ್ಪ ಹಿಗ್ಗಿಸಿಕೊಂಡರು. ಆದರೆ ಒಟ್ಟಾರೆ ಮನೆಗಳ ಖರ್ಚುವೆಚ್ಚ ಮೇಲೇರಲಿಲ್ಲ. ಮಕ್ಕಳ ಓದು, ಆರೋಗ್ಯ, ಹೆಂಗಸರ ಮಾತಿನ ಬೆಲೆ ಇವುಗಳಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅವರಿಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದು ನೊಬೆಲ್ ಸಾಲ ಕೊಟ್ಟವರಿಗೆ, ಇನ್ನೊಂದು ಸಾಲದ ಫಲ ಅಳೆದು ನೋಡಿದವರಿಗೆ. ನಮ್ಮ ಹೆಣ್ಣುಮಕ್ಕಳಿಗೆ ಕಾರ್ಡು.

ಮೀಟರ್ ಬಡ್ಡಿಯವರ ಕಾಟ ಇದಕ್ಕಿಂತ ಕ್ರೂರವಾಗಿತ್ತು ಅನ್ನುವುದನ್ನೂ ಮರೆಯಬಾರದು. ನೂರಕ್ಕೆ ತಿಂಗಳಿಗೆ ಐದು, ಹತ್ತು. ವರ್ಷಕ್ಕೆ ಶೇ. 60, ಶೇ. 120. ಅವರ ಕೈಯಿಂದ ಬಿಡಿಸಿದ್ದು ನಿಜವಾದ ಸಂಘಗಳು. ಈಗ ಕಂಪನಿ ಕಂತು ಕಟ್ಟಲು ಮತ್ತೆ ಅದೇ ಮೀಟರ್ ಬಡ್ಡಿಯವನ ಮನೆ ಬಾಗಿಲಿಗೆ ಹೋಗುತ್ತಿದ್ದಾರೆ ಅಂದರೆ ನಾವು ಎಲ್ಲಿಗೆ ಬಂದು ನಿಂತೆವು?

ಗಂಡಸರ ಬಗ್ಗೆಯೂ ಎರಡು ಮಾತು. ಸಾಲ ಹೆಂಡತಿಯ ಹೆಸರಲ್ಲಿ, ಬೈಕು ಗಂಡನ ಹೆಸರಲ್ಲಿ. ‘ಟೈಲರಿಂಗ್ ಉದ್ದೇಶಕ್ಕೆ’ ಅಂತ ಬರೆಸಿ ಎತ್ತಿದ ದುಡ್ಡು ಬೋರ್‌ವೆಲ್ಲಿನ ಪಾಲಾದದ್ದು, ತಂಗಿಯ ಮದುವೆಗೆ ಹೋದದ್ದು ಎಷ್ಟು ಮನೆಯಲ್ಲಿ ಇಲ್ಲ? ಕಂತಿನ ದಿನ ಮಾತ್ರ ಗಂಡ ಊರಲ್ಲಿ ಇರುವುದಿಲ್ಲ. ಹುಡುಗ ಬಂದು ನಿಂತಾಗ ತಲೆ ತಗ್ಗಿಸುವವಳು ಆಕೆ.

ಈ ಪಾಪದಲ್ಲಿ ನನಗೂ ಪಾಲಿದೆ, ಹೇಳಿಬಿಡುತ್ತೇನೆ. ‘ಆಧಾರ್ ತನ್ನಿ, ಸಾಲ ಒಯ್ಯಿರಿ’ ಅನ್ನುವಂಥ ಕರಪತ್ರ ಐದು ಸಾವಿರ ನನ್ನ ಪ್ರೆಸ್ಸಿನಲ್ಲೇ ಅಚ್ಚಾಗಿದೆ. ಬಡ್ಡಿ ಎಷ್ಟು ಅಂತ ಹಾಕಿಲ್ಲವಲ್ಲಪ್ಪ ಅಂತ ಕೇಳಿದೆ. ಮ್ಯಾಟರ್ ತಂದವನು ‘ಅಷ್ಟು ಜಾಗ ಎಲ್ಲದ ಸಾ’ ಅಂದ. ಫೋನ್ ನಂಬರನ್ನು ಮಾತ್ರ ಅರ್ಧ ಅಂಗುಲದ ಅಕ್ಷರದಲ್ಲಿ ಹಾಕಿಸಿಕೊಂಡು ಹೋದ. ನಾನು ಬಿಲ್ಲು ಬರೆದೆ.

ಈಗ ಭಾಷೆಯ ಮಾತಿಗೆ ಬರೋಣ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ತಾತಂದಿರು ಕೊಯಮತ್ತೂರಿನ ಕಚೇರಿಗೆ ಅಲೆದು, ತಮಗೆ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು. ಏಕೀಕರಣವಾದ ಮೇಲೆ ಆ ಕಾಲ ಮುಗಿಯಿತು ಅಂದುಕೊಂಡೆವು. ಮುಗಿದಿಲ್ಲ. ಹೆಬ್ಬೆಟ್ಟಿನ ಜಾಗಕ್ಕೆ ಬೆರಳಚ್ಚಿನ ಯಂತ್ರ ಬಂದಿದೆ, ಕಾಗದದ ಜಾಗಕ್ಕೆ ಇಂಗ್ಲಿಷಿನ ಮೆಸೇಜು. ಒಂದು ಸಂಜೆ ಪ್ರೆಸ್ಸಿಗೆ ಬಂದ ಒಬ್ಬ ತಾಯಿ ಮೊಬೈಲು ಚಾಚಿ ‘ಅಣ್ಣಯ್ಯ, ಇದ್ರಲ್ಲಿ ಏನದ ಓದಿ ಹೇಳು’ ಅಂದರು. ಅವರು ಕಟ್ಟಿದ್ದೇವೆ ಅಂದುಕೊಂಡಿದ್ದ ಎರಡು ಕಂತು ಬಾಕಿ ಅಂತ ಇತ್ತು. ಮೂರು ವಾರದ ಹಿಂದಿನ ಮೆಸೇಜು. ಮೂರು ವಾರ ಅದನ್ನು ಓದಿ ಹೇಳುವವರು ಆ ಮನೆಯಲ್ಲಿ ಇರಲಿಲ್ಲ.

ಇದರಲ್ಲಿ ನಾವು ಯಾರ ಬಳಿಯೂ ಭಿಕ್ಷೆ ಬೇಡಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಅದರ ಕರಾರು ಪತ್ರ, ಸಾಲದ ಕಾರ್ಡು ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಬಡ್ಡಿ ಎಷ್ಟು, ಫೀಸು ಎಷ್ಟು ಅಂತ ಸರಳವಾಗಿ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ದೂರು ಕೇಳುವ ಅಧಿಕಾರಿಯ ಹೆಸರು, ನಂಬರು ಕಾರ್ಡಿನ ಮೇಲೆ ಇರಬೇಕು. ವಿಮೆಯನ್ನು ಒಪ್ಪಿಗೆ ಇಲ್ಲದೆ ತಲೆಗೆ ಕಟ್ಟುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ್ದಾಗಿರಬೇಕು, ಸತತವಾಗಿ ಎರಡು ಸಲ ಅಥವಾ ಅದಕ್ಕೂ ಹೆಚ್ಚು ಸಲ ಆಕೆ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಹಾಗಂತ ಇದೇ ನಿಯಮ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ನಿಯಮ ‘ಅರ್ಥವಾಗುವ ಭಾಷೆ’ ಅನ್ನುತ್ತದೆ. ನಮ್ಮಲ್ಲಿ ಅದು ಕನ್ನಡ. ಮಾರ್ಟಳ್ಳಿ ಕಡೆ ಮನೆಯಲ್ಲಿ ತಮಿಳು ಆಡುವ ತಾಯಿ ತನಗೆ ಅರ್ಥವಾಗುವ ಭಾಷೆಯಲ್ಲಿ ಬಡ್ಡಿ ತಿಳಿಯಬೇಕು ಅಂದರೆ ಅದಕ್ಕೂ ಈ ಪತ್ರಿಕೆಯ ಬೆಂಬಲ ಇದೆ. ಕೆಲವು ಗೆಳೆಯರಿಗೆ ಈ ವಾಕ್ಯ ಹಿಡಿಸಲಿಕ್ಕಿಲ್ಲ. ಇರಲಿ.

2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಮುಖ್ಯಮಂತ್ರಿಗಳು ಸಭೆ ಕರೆದರು. ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿದರು, ಫೆಬ್ರವರಿ 12ರಂದು ಜಾರಿಯಾಯಿತು, ಮಾರ್ಚಿನಲ್ಲಿ ವಿಧಾನಮಂಡಲದ ಒಪ್ಪಿಗೆಯೂ ಸಿಕ್ಕಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ತಗೊಳ್ಳುವುದಿಲ್ಲ ಅನ್ನುವಂತಿಲ್ಲ. ಒಳ್ಳೆಯದೇ. ಆದರೆ ಇದರ ಬೆನ್ನಿಗೇ ನಮ್ಮ ಊರುಗಳಲ್ಲಿ ಒಂದು ಸುಳ್ಳು ಹಬ್ಬಿತು. ‘ಸಾಲ ಎಲ್ಲ ಮನ್ನಾ, ಯಾರೂ ಕಟ್ಟಬೇಡಿ’ ಅಂತ. ಬಂಧುಗಳೇ, ಆ ಕಾನೂನಿನಲ್ಲಿ ಸಾಲ ತೀರಿತು ಅನ್ನುವ ಮಾತಿರುವುದು ಲೈಸೆನ್ಸು, ನೋಂದಣಿ ಇಲ್ಲದೆ ಸಾಲ ಕೊಟ್ಟವರಿಗೆ. ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಕಂಪನಿಯ ಸಾಲ ಹಾಗೇ ಇದೆ, ಬಡ್ಡಿ ಬೆಳೆಯುತ್ತಿದೆ, ಕಟ್ಟದವರ ಹೆಸರು ಸಿಬಿಲ್ ಥರದ ಪಟ್ಟಿಗಳಲ್ಲಿ ಕೂರುತ್ತದೆ. ನಾಳೆ ಅದೇ ತಾಯಿ ಬ್ಯಾಂಕಿಗೆ ಹೋಗಿ ಕಡಿಮೆ ಬಡ್ಡಿಗೆ ಸಾಲ ಕೇಳಿದರೆ ಮ್ಯಾನೇಜರು ಕಂಪ್ಯೂಟರು ನೋಡಿ ತಲೆ ಅಲ್ಲಾಡಿಸುತ್ತಾನೆ. ಈ ‘ಕಟ್ಟಬೇಡಿ’ ಘೋಷಣೆ ಕೂಗಿದವರಲ್ಲಿ ಶಾಲು ಹಾಕಿದ ನಮ್ಮವರೂ ಇದ್ದರು. ಕೂಗುವುದು ಸುಲಭ. ಕೂಗಿ ಹೋದ ಮೇಲೆ ಆ ಜಗಲಿಯಲ್ಲಿ ಮಂಗಳವಾರ ಮತ್ತೆ ಕೂರುವವರು ಆ ಹೆಂಗಸರು.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನಿಜವಾದ ಸಂಘ ಇನ್ನೂ ಸತ್ತಿಲ್ಲ. ಸಂಜೀವಿನಿ ಕೆಳಗಿನ ಮಹಿಳಾ ಸಂಘಕ್ಕೆ 3 ಲಕ್ಷದವರೆಗಿನ ಬ್ಯಾಂಕ್ ಸಾಲ ಶೇ. 7ರ ಬಡ್ಡಿಗೆ ಸಿಗಬೇಕು ಅಂತ ಕೇಂದ್ರದ ಯೋಜನೆಯೇ ಇದೆ. ಶೇ. 24 ಎಲ್ಲಿ, ಶೇ. 7 ಎಲ್ಲಿ! ಮತ್ಯಾಕೆ ಜನ ಫೈನಾನ್ಸಿಗೆ ಹೋಗುತ್ತಾರೆ? ಫೈನಾನ್ಸಿನವನು ಮನೆ ಬಾಗಿಲಿಗೆ ಬರುತ್ತಾನೆ, ಎರಡು ಮೂರು ದಿನದಲ್ಲಿ ಕೊಡುತ್ತಾನೆ. ಬ್ಯಾಂಕಿಗೆ ಐದು ಸಲ ಹೋಗಬೇಕು, ಹೋದ ಸಲವೆಲ್ಲ ಒಂದು ದಿನದ ಕೂಲಿ ಹೋಗುತ್ತದೆ. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬಂದರೆ ಪುಣ್ಯ. ನಮ್ಮ ಸೀಮೆಯವರು ‘ನಮ್ಮ ಬ್ಯಾಂಕು’ ಅಂತಿದ್ದ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ದೊಡ್ಡದರೊಳಗೆ ಸೇರಿತು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಮುಖ್ಯ ಕಚೇರಿ ಬಳ್ಳಾರಿಯಲ್ಲಿ. ಬ್ಯಾಂಕು ದೊಡ್ಡದಾದಷ್ಟೂ ಹನೂರಿನ ಸಂಘದ ಹೆಂಗಸು ಅದರ ಕಣ್ಣಿಗೆ ಸಣ್ಣವಳಾಗಬಾರದು. ನಮ್ಮ ಧರಣಿ ಇನ್ನು ಮುಂದೆ ಬೋರ್ಡಿನ ಮುಂದೆ ಮಾತ್ರ ಬೇಡ. ಸಂಘದ ಅರ್ಜಿ ಎಷ್ಟು ದಿನ ಮೇಜಿನ ಮೇಲೆ ಕೊಳೆಯಿತು ಅಂತ ಕೇಳಿಕೊಂಡು ಆ ಕೌಂಟರಿನ ಮುಂದೆ ಕೂರೋಣ. ಹಸುವಿನ ಸಾಲಕ್ಕೆ ಹಸು ಬತ್ತಿದ ತಿಂಗಳಲ್ಲಿ ಅಸಲು ಬಿಟ್ಟು ಬಡ್ಡಿ ಮಾತ್ರ, ರೇಷ್ಮೆಗೆ ಗೂಡು ಮಾರಿದಾಗ ಕಂತು, ಜಾತ್ರೆ ವ್ಯಾಪಾರಕ್ಕೆ ಜಾತ್ರೆ ಮುಗಿದ ಮೇಲೆ. ಇದನ್ನು ಹಳೆಯ ಸಂಘಗಳು ಯಾರೂ ಹೇಳಿಕೊಡದೆ ಮಾಡುತ್ತಿದ್ದವು. ಬ್ಯಾಂಕಿಗೂ ಕಂಪನಿಗೂ ಇದು ಮಾಡಲಾಗದ ಕೆಲಸವೇನಲ್ಲ.

ಪ್ರೆಸ್ಸಿನಲ್ಲಿ ಒಂದು ಪುಟದ ಅರ್ಜಿ ಅಚ್ಚು ಹಾಕಿ ಇಟ್ಟಿದ್ದೇವೆ. ‘ನನ್ನ ಸಾಲದ ಕರಾರು, ಬಡ್ಡಿಯ ವಿವರ, ಕಾರ್ಡು ಕನ್ನಡದಲ್ಲಿ ಕೊಡಿ’ ಅಂತ. ದುಡ್ಡು ಕೊಡಬೇಕಿಲ್ಲ. ಹನೂರು ತಾಲ್ಲೂಕಿನ ಒಂದು ಹಳ್ಳಿಯ ಹೆಂಗಸರು ಹೋದ ತಿಂಗಳು ಹನ್ನೆರಡು ಪ್ರತಿ ಒಯ್ದರು. ಮೊದಲ ವಾರ ಹುಡುಗ ‘ಇದೆಲ್ಲ ನಮ್ಮ ಕೈಲಿಲ್ಲಮ್ಮ’ ಅಂದನಂತೆ. ಎರಡನೆಯ ವಾರ ಯಾರೂ ಜಗಳ ಆಡಲಿಲ್ಲ, ಕಂತನ್ನೂ ಕಟ್ಟಿದರು, ಕಟ್ಟಿ ಅರ್ಜಿಯ ಮೇಲೆ ಅವನ ಸಹಿ ಹಾಕಿಸಿಕೊಂಡರು. ಮೂರನೆಯ ವಾರ ಕನ್ನಡದ ಹಾಳೆ ಬಂತು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಜಗಲಿ ಮೇಲೆ ನಿಂತು ಜೋರಾಗಿ ಓದಿದಳಂತೆ. ವಿಮೆಯ ಸಾಲಿಗೆ ಬಂದಾಗ ಮೂಲೆಯಲ್ಲಿದ್ದ ಅಜ್ಜಿ ‘ಅದ್ಯಾಕ ಮಗ? ನಾನು ಕೇಳೇ ಇರ್ನಿಲ್ವಲ್ಲ’ ಅಂದರು. ಹುಡುಗ ಆಫೀಸಿಗೆ ಫೋನು ಮಾಡಿದ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ. ಬರುವ ವಾರ ಮತ್ತೆ ಕೇಳುತ್ತಾರಂತೆ.